ಸೊಪ್ಪಿಗೆ ಮಂಜು, ಮುಖಕ್ಕೆ ನೀರು

ಐವತ್ತು ಗ್ರಾಂ ಕ್ರೀಮಿನ ಡಬ್ಬಿಗೆ 2,350 ರೂಪಾಯಿ. ಮೈಸೂರಿನಲ್ಲಿ ಅದನ್ನು ಕೊಂಡು ಹುಣಸೂರಿನ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಬ್ಯಾಗನ್ನು ತೊಡೆಯಿಂದ ಇಳಿಸಲಿಲ್ಲ. ಅಷ್ಟು ದುಡ್ಡು ಕೊಟ್ಟು ಮುಖಕ್ಕೆಂದು ನಾನು ಏನನ್ನೂ ತಂದವಳಲ್ಲ.

ಡಿಸೆಂಬರ್ ಬಂತೆಂದರೆ ನನ್ನ ಬಾಯಿಯ ಅಕ್ಕಪಕ್ಕ ಹೊಟ್ಟಿನಂತೆ ಸಿಪ್ಪೆ ಏಳುತ್ತದೆ. ನಕ್ಕರೆ ಕೆನ್ನೆ ಬಿಗಿಯುತ್ತದೆ. ಎಚ್‌.ಡಿ. ಕೋಟೆ ರಸ್ತೆಯ ಶಾಲೆಗೆ ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಮಾಗಿಯ ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿ ಗಲ್ಲಕ್ಕೆ ಹೊಡೆಯುತ್ತದೆ. ಆ ಡಬ್ಬಿ ಕೊಂಡ ವರ್ಷ ಹಣೆಯೂ ಒಡೆಯತೊಡಗಿತ್ತು.

ಮೊದಲ ಮೂರು ದಿನ ಮುಖ ಬೆಣ್ಣೆಯಂತಿತ್ತು. ನಾಲ್ಕನೆಯ ದಿನ ಉರಿ ಶುರುವಾಯಿತು. ಒಳ್ಳೆಯ ಕ್ರೀಮು ಮೊದಲು ಸ್ವಲ್ಪ ಉರಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಇನ್ನೊಂದು ವಾರ ಹಚ್ಚಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಭಾನುವಾರ ಪಿರಿಯಾಪಟ್ಟಣದ ಹತ್ತಿರದ ನಮ್ಮ ಊರಿಗೆ ಹೋದಾಗ ಅತ್ತೆ ಗಲ್ಲ ಹಿಡಿದು ನೋಡಿ, ‘ಮುಖವೆಲ್ಲ ಬೆಂದಂಗೆ ಆಗದಲ್ಲವ್ವ, ಏನು ಹಚ್ಕಂಡೆ?’ ಅಂದರು.

ಚರ್ಮದ ಡಾಕ್ಟರು ಡಬ್ಬಿಯನ್ನು ನೋಡುವ ಮೊದಲು ಕೇಳಿದ್ದು ನನ್ನ ಸ್ನಾನದ ವಿಚಾರ. ಹಂಡೆಯ ಸುಡುನೀರು, ಎರಡು ಸಲ ಸೋಪು, ಆಮೇಲೆ ಟವೆಲಿನಿಂದ ಗಸಗಸ ಉಜ್ಜಿ, ಮುಖ ಪೂರ್ತಿ ಒಣಗಿದ ಮೇಲೆ ಕ್ರೀಮು. ಚರ್ಮದ ಮೇಲ್ಪದರದ ಕೋಶಗಳ ನಡುವೆ ಗಾರೆಯಂತೆ ಕೂತಿರುವ ಕೊಬ್ಬನ್ನು ಬಿಸಿನೀರು, ಸೋಪು ಎರಡೂ ಸೇರಿ ತೊಳೆದುಬಿಡುತ್ತವೆ, ಆ ಸಂದಿನಿಂದ ಒಳಗಿನ ನೀರು ಆರಿಹೋಗುತ್ತದೆ ಎಂದರು. ಉರಿಗೆ ಹೆಚ್ಚಾಗಿ ಕ್ರೀಮಿನ ಸುಗಂಧವೇ ಕಾರಣ ಇರಬೇಕೆಂದು ಅವರ ಅಂದಾಜು. ಒಡೆದ ಚರ್ಮ ಅದನ್ನು ತಾಳುವುದಿಲ್ಲ. ಹೊಸದೇನೇ ತಂದರೂ ಮೊದಲು ಮೊಣಕೈಯ ಒಳಬದಿಗೆ ಒಂದು ವಾರ ಹಚ್ಚಿ ನೋಡಬೇಕಿತ್ತು. ಡಬ್ಬಿಯ ಬೆನ್ನಿನ ಸಣ್ಣಕ್ಷರವನ್ನು ಓದುವುದನ್ನೂ ಅಂದೇ ಕಲಿತೆ: ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ನನ್ನ ಡಬ್ಬಿಯಲ್ಲಿ ನೀರು, ಗ್ಲಿಸರಿನ್ ಮುಂದಿದ್ದವು. ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿದ್ದ ಹೂವಿನ ಸಾರ ಎಲ್ಲೋ ತಳದಲ್ಲಿತ್ತು.

ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿ ಮೇಲೆ ಮುಚ್ಚಳವಾಗಿ ಕೂರುತ್ತದೆ. ಎಣ್ಣೆಬಾವಿಗಳ ಯಂತ್ರಕ್ಕೆ ಮೆತ್ತುತ್ತಿದ್ದ ಜಿಡ್ಡಿನಿಂದ ಅದನ್ನು ಸೋಸಿ ತೆಗೆದ ಅಮೆರಿಕದ ರಾಬರ್ಟ್ ಚೀಸ್‌ಬರೋ 1872ರಲ್ಲಿ ಪೇಟೆಂಟ್ ಪಡೆದ. ಇಂದಿಗೂ ಚರ್ಮದ ನೀರು ಆರದಂತೆ ತಡೆಯುವುದರಲ್ಲಿ ಅದನ್ನು ಮೀರಿಸುವ ವಸ್ತು ವಿರಳ. ಆದರೆ ಒಣಮುಖಕ್ಕೆ ಮುಚ್ಚಳ ಹಾಕಿದರೆ ಒಳಗೆ ಉಳಿಯುವುದಾದರೂ ಏನು?

ಇದು ನನಗೆ ಸರಿಯಾಗಿ ಅರ್ಥವಾದದ್ದು ಊರಿನಲ್ಲಿ, ಹೊಗೆಸೊಪ್ಪಿನ ಮುಂದೆ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನಲ್ಲಿ ಕೊನೆಯ ಹೊತ್ತಿಗೆ ಶಾಖ 70 ಡಿಗ್ರಿಯವರೆಗೂ ಏರುತ್ತದೆ. ಹೊರಬಂದ ಸೊಪ್ಪು ಹಪ್ಪಳದಂತೆ, ಮುಟ್ಟಿದರೆ ಪುಡಿ. ಆಗ ಯಾರೂ ಅದಕ್ಕೆ ಕೈ ಹಚ್ಚುವುದಿಲ್ಲ. ಬಾಗಿಲು ತೆರೆದಿಟ್ಟು ರಾತ್ರಿಯ ತಂಪು ಎಳೆದುಕೊಳ್ಳಲು ಬಿಡುತ್ತಾರೆ. ಹರಾಜಿಗೆ ಸೊಪ್ಪು ಬೇರ್ಪಡಿಸುವ ದಿನಗಳಲ್ಲೂ ಅತ್ತೆ ನಸುಕಿಗೇ ಏಳುತ್ತಾರೆ. ಅಂಥ ಒಂದು ನಸುಕಿನಲ್ಲಿ ಒಂದು ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರು. ಅದು ಮುರಿಯದೆ, ಬಟ್ಟೆಯ ಹಾಗೆ ನಿಧಾನಕ್ಕೆ ಬಿಚ್ಚಿಕೊಂಡಿತು. ‘ಮಂಜು ಕುಡಿದದೆ. ಬಿಸಿಲು ಏರಿದ ಮೇಲೆ ಮುಟ್ಟಿದ್ರೆ ಎಲ್ಲಾ ಚೂರು’ ಅಂದರು.

ಈಗ ಉಗುರುಬೆಚ್ಚಗಿನ ನೀರು, ಮುಖಕ್ಕೆ ರಾತ್ರಿ ಮಾತ್ರ ಸೋಪು. ಟವೆಲನ್ನು ಒತ್ತಿ ತೆಗೆದು, ಹಸಿ ಆರುವ ಮೊದಲೇ ವಾಸನೆಯಿಲ್ಲದ ಗ್ಲಿಸರಿನ್ ಕ್ರೀಮು. ಔಷಧಿ ಅಂಗಡಿಯಲ್ಲಿ 180 ರೂಪಾಯಿಗೆ ಸಿಕ್ಕಿದ್ದು. ತುಟಿಯ ಪಕ್ಕಕ್ಕೆ ಚಿಟಿಕೆ ಜೆಲ್ಲಿ. ಮೂರು ವಾರಕ್ಕೆ ಸಿಪ್ಪೆ ನಿಂತಿತು.

ಊರಿಗೆ ಹೋಗುವಾಗ ಆ ಕ್ರೀಮಿನದೇ ಇನ್ನೊಂದು ಟ್ಯೂಬು ಒಯ್ದೆ. ಸೊಪ್ಪಿನ ಅಂಟು ಬಿಡಿಸಲು ಬಟ್ಟೆಸೋಪಿನಿಂದ ತಿಕ್ಕಿ ತಿಕ್ಕಿ ಅತ್ತೆಯ ಬೆರಳಸಂದುಗಳಲ್ಲಿ ಕಪ್ಪು ಗೆರೆಗಳ ಬಿರುಕು. ಇಷ್ಟು ವರ್ಷ ಅದೇ ಕೈಯಿಂದ ಊಟ ಬಡಿಸಿಕೊಂಡಿದ್ದೆ, ಮುಖದ ಚಿಂತೆಯಲ್ಲಿ ಒಮ್ಮೆಯೂ ಅದನ್ನು ನೋಡಿರಲಿಲ್ಲ. ಕೈ ತೊಳೆದು ಸೆರಗಿಗೆ ಒರೆಸಲು ಹೊರಟವರನ್ನು ತಡೆದೆ. ‘ಒರೆಸಬೇಡಿ ಅತ್ತೆ, ಹಂಗೇ ಕೊಡಿ’ ಎಂದು ಒದ್ದೆ ಕೈಗೇ ಹಚ್ಚಿದೆ.