ಏಳುನೂರು ಕೆಜಿಯ ವ್ಯಾಜ್ಯ

ಇಂಗ್ಲೆಂಡಿನಲ್ಲಿ ಹಳೇ ಸ್ಪೋರ್ಟ್ಸ್ ಕಾರಿನವರು ಸೇರುವ ಕಡೆ ಹೋಗಿ, "ಎಂಜಿಬಿಯನ್ನೂ ಸ್ಪೋರ್ಟ್ಸ್ ಕಾರು ಅಂತೀರಾ?" ಎಂದು ಒಂದು ಮಾತು ಕೇಳಿ ಸುಮ್ಮನಾಗಿಬಿಡಿ. ಮಧ್ಯಾಹ್ನದ ಊಟದವರೆಗೆ ನೀವು ಮತ್ತೆ ಬಾಯಿ ತೆರೆಯುವ ಅಗತ್ಯ ಬೀಳುವುದಿಲ್ಲ. ಕೆಲಸಕ್ಕೆಂದು ಕೋವೆಂಟ್ರಿಗೆ ಬಂದು ಇಲ್ಲೇ ನೆಲೆ ನಿಂತ ನಾನು, ವಾರ್ವಿಕ್‌ಶೈರಿನ ಒಂದು ಪಬ್ಬಿನ ಹಿಂದಿನ ಬಯಲಲ್ಲಿ ಈ ವ್ಯಾಜ್ಯವನ್ನು ಅನೇಕ ಭಾನುವಾರ ಕೇಳಿದ್ದೇನೆ, ಕೆಲವು ಸಲ ತುಪ್ಪ ಸುರಿದೂ ಇದ್ದೇನೆ. ಊರಿನ ಓದುಗರಿಗೆ ಎಂಜಿ ಅಂದರೆ 2019ರಲ್ಲಿ ಬಂದ ಹೆಕ್ಟರ್ ನೆನಪಾಗಬಹುದು. ಅದು ಒಂದೂವರೆ ಟನ್ ಮೀರಿದ ಗಾಡಿ, ಆ ಹೆಸರು ಈಗ ಚೀನಾದ ಸೈಕ್ ಕಂಪನಿಯ ಕೈಯಲ್ಲಿದೆ. ನಾನು ಹೇಳುತ್ತಿರುವ ಎಂಜಿ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್‌ಡನ್ ಎಂಬ ಸಣ್ಣ ಊರಿನಲ್ಲಿ 1980ರವರೆಗೆ ತಯಾರಾಗುತ್ತಿದ್ದ, ಇಬ್ಬರೇ ಕೂರುವ, ಮೇಲೆ ಬಟ್ಟೆಯ ಟಾಪು ಇರುವ ತಗ್ಗಾದ ಕಾರು.

ನಮ್ಮ ಗುಂಪಿನಲ್ಲಿ ನಾಲ್ಕು ಪಕ್ಷಗಳಿವೆ. ಎಂಜಿಬಿ ಪಕ್ಷದ ಮುಖಂಡರು ನಿವೃತ್ತ ಇತಿಹಾಸದ ಮೇಷ್ಟ್ರು. ಲೋಟಸ್ ಎಲಾನ್ ಇಟ್ಟುಕೊಂಡ ಹಲ್ಲಿನ ಡಾಕ್ಟರು ಒಬ್ಬರೇ ಒಂದು ಪಕ್ಷ. ಕಪ್ಪೆಗಣ್ಣಿನ ಆಸ್ಟಿನ್-ಹೀಲಿ ಸ್ಪ್ರೈಟ್ ತರುವ ವಯಸ್ಸಾದ ಪ್ಲಂಬರ್ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಬಂದು ಸೇರಿದವಳು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, ಜಪಾನಿನ ಮಾಜ್ದಾ ಎಂಎಕ್ಸ್-5ರ ಒಡತಿ. ನನ್ನದು ಟ್ರಯಂಫ್ ಸ್ಪಿಟ್‌ಫೈರ್, ಆದ್ದರಿಂದ ಎಲ್ಲರೂ ಬೈಯುವುದು ನನ್ನನ್ನೇ.

ಜಗಳ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಕಾರಿನ ತೂಕದ ಬಳಿಯೇ. ಹಗುರ ಕಾರು ಎಂದರೆ ರೇಸಿನವರ ಶೋಕಿ ಎಂದುಕೊಂಡಿದ್ದವರಿಗೆ ಆ ಸ್ಪ್ರೈಟ್ ತೋರಿಸಬೇಕು. 1958ರ ಮಾಡೆಲ್, 948 ಸಿಸಿ ಎಂಜಿನ್, 43 ಅಶ್ವಶಕ್ತಿ. ಎಂಜಿನ್ ಆಸ್ಟಿನ್ ಎ35 ಎಂಬ ಸಂಸಾರಸ್ಥರ ಕಾರಿನದು, ಸ್ಟೀರಿಂಗ್ ಮಾರಿಸ್ ಮೈನರ್‌ನದು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ, ಒಳಗೆ ಕೈಹಾಕಿ ತೆಗೆಯಬೇಕು. ಡಿಕ್ಕಿಗೆ ಮುಚ್ಚಳವಿಲ್ಲ, ಸೀಟು ಬಗ್ಗಿಸಿ ಅದರ ಹಿಂದಿನಿಂದ ಸಾಮಾನು ತುರುಕಬೇಕು. ಹೆಡ್‌ಲೈಟು ಬೇಡದಾಗ ಬಾನೆಟ್ಟಿನೊಳಗೆ ಮಲಗುವ ಏರ್ಪಾಟು ಮೊದಲು ಯೋಚನೆಯಲ್ಲಿತ್ತಂತೆ. ಖರ್ಚು ಹೆಚ್ಚೆಂದು ಅದನ್ನು ಬಿಟ್ಟು ನಿಂತ ಹಾಗೇ ಕೂರಿಸಿದರು, ಅದಕ್ಕೇ ಆ ಕಪ್ಪೆಗಣ್ಣು. ಯುದ್ಧ ಮುಗಿದು ಹೆಚ್ಚು ಕಾಲವಾಗಿರದ ದೇಶದಲ್ಲಿ, ಜೇಬಿನಲ್ಲಿ ಕಾಸು ಕಡಿಮೆಯಿದ್ದ ಹುಡುಗರಿಗಾಗಿ ಮಾಡಿದ ಗಾಡಿ ಅದು. ಅಗ್ಗವಾಗಬೇಕೆಂದು ಒಂದೊಂದೇ ಬಿಡುತ್ತಾ ಬಂದರು, ಬಿಟ್ಟಿದ್ದರಿಂದ ಹಗುರವಾಯಿತು, ಹಗುರವಾದ್ದರಿಂದ 43 ಕುದುರೆಗಳೇ ಸಾಕಾದವು. ಪ್ಲಂಬರ್ ತಮ್ಮ ಕಾರಿನ ಬಗ್ಗೆ ಭಾಷಣ ಮಾಡುವುದಿಲ್ಲ. ಬಾಗಿಲೊಳಗೆ ಕೈಹಾಕಿ ತೆಗೆದು, ಕೂತು, ಹೊರಟುಬಿಡುತ್ತಾರೆ.

ಸ್ಪಿಟ್‌ಫೈರ್ ನನ್ನ ಪಾಲಿಗೆ ಬಂದದ್ದಕ್ಕೆ ಮೂಲ ಕಾರಣ ಮೈಸೂರು. ನಮ್ಮ ಬೀದಿಯ ವಕೀಲರೊಬ್ಬರ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯವರು 1961ರಿಂದ ಆ ಹೆಸರಲ್ಲಿ ತಯಾರಿಸುತ್ತಿದ್ದರು. ಅದರ ಬಾನೆಟ್ಟು ಮಡ್‌ಗಾರ್ಡ್, ಲೈಟು ಸಮೇತ ಇಡಿಯಾಗಿ ಮುಂದಕ್ಕೆ ಬಾಗುತ್ತಿತ್ತು. ಎಂಜಿನ್ನು, ಮುಂದಿನ ಚಕ್ರ, ಸಸ್ಪೆನ್ಷನ್ ಎಲ್ಲ ಬಯಲಿಗೆ ಬರುತ್ತಿದ್ದವು. ಮೆಕ್ಯಾನಿಕ್ ಟೈರಿನ ಮೇಲೇ ಕೂತು ಕೆಲಸ ಮಾಡುತ್ತಿದ್ದ, ನಾವು ಹುಡುಗರು ಸುತ್ತ ಮುತ್ತಿಕೊಂಡು ನೋಡುತ್ತಿದ್ದೆವು. ಕೋವೆಂಟ್ರಿಯಲ್ಲಿ ಪಕ್ಕದ ಮನೆಯ ಅಜ್ಜ ತಮ್ಮ ಸ್ಪಿಟ್‌ಫೈರಿನ ಬಾನೆಟ್ಟನ್ನು ಅದೇ ರೀತಿ ಬಗ್ಗಿಸಿದಾಗ ನನಗೆ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಒಳಗಿದ್ದದ್ದು ಹೆರಾಲ್ಡ್‌ನ ಬಂಧುವೇ. ಅದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಇಟಲಿಯ ಜೊವಾನಿ ಮಿಕೆಲೊಟ್ಟಿ ಕೈಯಲ್ಲಿ ಮೈ ಬರೆಸಿ, 1962ರಲ್ಲಿ ಈ ಊರಿನ ಕ್ಯಾನ್ಲಿಯಿಂದಲೇ ಹೊರಗೆ ಬಿಟ್ಟ ಕಾರು. ಮೊದಲ ಮಾಡೆಲ್ಲು ಸುಮಾರು 710 ಕೆಜಿ, 1147 ಸಿಸಿ, 63 ಅಶ್ವಶಕ್ತಿ. ನನ್ನದು ಅಂಥ ಹಳೆಯದೇ.

ಹೆರಾಲ್ಡ್‌ನ ಗುಣದ ಜೊತೆ ಅದರ ರೋಗವೂ ಇದಕ್ಕೆ ಬಂತು. ಹಿಂದಿನ ಆಕ್ಸಲ್ಲು ನಡುವೆ ಎರಡು ತುಂಡಾಗಿ, ಒಂದೊಂದು ತುಂಡೂ ಡಿಫರೆನ್ಷಿಯಲ್ ಬಳಿ ಮಾತ್ರ ಮಡಚುತ್ತದೆ. ಇದಕ್ಕೆ ಸ್ವಿಂಗ್ ಆಕ್ಸಲ್ ಅನ್ನುತ್ತಾರೆ. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಭಾರ ಹೊತ್ತ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ಆಮೇಲೆ ಹಿಂಭಾಗ ಮುಂದೆ ಬರಲು ನೋಡುತ್ತದೆ. ಕಂಪನಿಯವರು 1970ರ ಮಾರ್ಕ್ 4ರಲ್ಲಿ ಸ್ಪ್ರಿಂಗಿನ ಪಟ್ಟಿಗಳನ್ನು ಬಿಗಿಯಾಗಿ ಕಟ್ಟದೆ ತೊಟ್ಟಿಲಾಡುವಂತೆ ಕೂರಿಸಿ ಇದನ್ನು ಬಹುಮಟ್ಟಿಗೆ ಸರಿಮಾಡಿದರು. ಸ್ಪಿಟ್‌ಫೈರ್ ಮಾರುವಾಗ ಅಜ್ಜ ನನಗೆ ಹೇಳಿದ್ದು ಒಂದೇ: ಬ್ರೇಕು ಏನಿದ್ದರೂ ತಿರುವಿಗೆ ಮೊದಲೇ ಒತ್ತಿ ಮುಗಿಸು, ತಿರುವಿನೊಳಗೆ ಹೋದಮೇಲೆ ಆಕ್ಸಿಲರೇಟರಿನ ಮೇಲೆ ಕಾಲು ಮೆತ್ತಗೆ ಒತ್ತಿಯೇ ಇರಲಿ. ಈ ಅಭ್ಯಾಸ ನನ್ನ ದಿನಬಳಕೆಯ ಕಾರಿಗೂ ಹತ್ತಿತು. ಕಂಪ್ಯೂಟರ್ ಇಟ್ಟುಕೊಂಡ ಹೊಸ ಗಾಡಿ ಚಾಲಕ ಏನು ಮಾಡಿದರೂ ತಿದ್ದಿಕೊಂಡು ಹೋಗುತ್ತದೆ. ಸ್ವಿಂಗ್ ಆಕ್ಸಲ್ ತಿದ್ದುವುದಿಲ್ಲ, ಕಲಿಸುತ್ತದೆ.

ಈಗ ಎಲಾನ್. ಡಾಕ್ಟರು ಕೀ ಕೊಟ್ಟ ದಿನದವರೆಗೆ ಅವರ ಮಾತು ನನಗೆ ಬರೀ ಜಂಬವಾಗಿ ಕೇಳುತ್ತಿತ್ತು. ಕಾಲಿನ್ ಚಾಪ್‌ಮನ್ ಕಟ್ಟಿದ ಲೋಟಸ್ ಕಂಪನಿ 1962ರಲ್ಲಿ ಹೊರತಂದ ಈ ಕಾರಿನ ನಡುವೆ, ಉಕ್ಕಿನ ತಗಡನ್ನು ಮಡಚಿ ಮಾಡಿದ ಒಂದು ಬೆನ್ನುಮೂಳೆ. ಮೇಲೆ ಫೈಬರ್ ಗ್ಲಾಸಿನ ಮೈ. ಒಟ್ಟು ತೂಕ 680 ಕೆಜಿ ಆಸುಪಾಸು. 1558 ಸಿಸಿ ಟ್ವಿನ್ ಕ್ಯಾಮ್ ಎಂಜಿನ್ 105 ಅಶ್ವಶಕ್ತಿ ಕೊಡುತ್ತದೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಇವೆಲ್ಲ ಪುಸ್ತಕದಲ್ಲಿ ಸಿಗುವ ವಿಷಯ. ಪುಸ್ತಕದಲ್ಲಿ ಸಿಗದ್ದು ಅದರ ಸ್ಪ್ರಿಂಗು ಎಷ್ಟು ಮೆದು ಎಂಬುದು. ಸ್ಪೋರ್ಟ್ಸ್ ಕಾರು ಎಂದರೆ ಸೊಂಟ ಮುರಿಯುವಷ್ಟು ಗಡುಸಾಗಿರಬೇಕು ಎಂದು ನಂಬಿದವರು ಅದರಲ್ಲಿ ಒಮ್ಮೆ ಹಳ್ಳಿರಸ್ತೆ ಸುತ್ತಬೇಕು. ಮೈ ಹಗುರವಾದ್ದರಿಂದ ಗಡಸು ಸ್ಪ್ರಿಂಗು ಬೇಕಿಲ್ಲ, ಸ್ಪ್ರಿಂಗು ಮೆದುವಾದ್ದರಿಂದ ಟೈರು ರಸ್ತೆ ಬಿಡುವುದಿಲ್ಲ. ಸ್ಟೀರಿಂಗಿನಲ್ಲಿ ಪವರ್ ಗಿವರ್ ಏನಿಲ್ಲ, ಆದರೂ ಎರಡು ಬೆರಳಿಗೆ ತಿರುಗುತ್ತದೆ. ರಸ್ತೆಯ ಮೇಲಿನ ತೇವ, ತೇಪೆ, ಜಲ್ಲಿ ಎಲ್ಲ ಅಂಗೈಗೆ ಗೊತ್ತಾಗುತ್ತದೆ. ಟೈರಿನ ಅಗಲ 145 ಮಿಲಿಮೀಟರ್ ಮಾತ್ರ, ಈಗಿನ ಅನೇಕ ಸಣ್ಣ ಹ್ಯಾಚ್‌ಬ್ಯಾಕ್ ಕಾರುಗಳದೂ ಅದಕ್ಕಿಂತ ಅಗಲ.

ದೋಷವೂ ಉಂಟು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ದಪ್ಪ ರಬ್ಬರ್ ಬಳೆಗಳ ಮೂಲಕ. ಕ್ಲಚ್ಚನ್ನು ಒರಟಾಗಿ ಬಿಟ್ಟರೆ ಆ ರಬ್ಬರು ತಿರುಚಿಕೊಂಡು, ಬಿಚ್ಚಿಕೊಂಡು, ಗಾಡಿ ಕುಪ್ಪಳಿಸುತ್ತದೆ. ವಯಸ್ಸಾದ ರಬ್ಬರು ಹರಿಯುವುದೂ ಉಂಟು. ಡಾಕ್ಟರು ಭಾನುವಾರಗಳಲ್ಲಿ ಬಸ್ಸಿನಲ್ಲಿ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ, ಮೇಷ್ಟ್ರು ನೋಡಿ ಖುಷಿಪಟ್ಟಿದ್ದಾರೆ.

ಮೇಷ್ಟ್ರ ವಾದದ ಬಲವೇ ಅದು. ಎಂಜಿಬಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾಯಿತು. 1798 ಸಿಸಿ ಎಂಜಿನ್, 95 ಅಶ್ವಶಕ್ತಿ, ತೂಕ ಒಂಬೈನೂರು ಚಿಲ್ಲರೆ ಕೆಜಿ. ಹಿಂದೆ ಲಾರಿಗಿರುವ ಮಾದರಿಯ ಒಂದೇ ಆಕ್ಸಲ್, ಲೀಫ್ ಸ್ಪ್ರಿಂಗ್. ಡಾಕ್ಟರು ಅದನ್ನು ಟ್ರ್ಯಾಕ್ಟರ್ ಅನ್ನುತ್ತಾರೆ. ಆದರೆ ಅದರ ಯಾವ ಬಿಡಿಭಾಗ ಬೇಕಾದರೂ ವಾರದೊಳಗೆ ಮನೆಗೆ ಬರುತ್ತದೆ. ಹಳೆಯ ಅಚ್ಚುಗಳಲ್ಲೇ ಅದರ ಇಡೀ ಮೈಯನ್ನು ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ 1988ರಿಂದ ಹೊಸದಾಗಿ ಒತ್ತಿ ಕೊಡಲು ಶುರುಮಾಡಿತು. ನಿಂತ ಕಾರಿಗಿಂತ ಓಡುವ ಕಾರು ಮೇಲು ಎಂದು ಮೇಷ್ಟ್ರು ಹೇಳಿದಾಗ ಬಸ್ಸಿನಲ್ಲಿ ಬಂದವರು ಏನು ಉತ್ತರ ಕೊಟ್ಟಾರು?

ಎಂಜಿಬಿಯ ವಂಶವೃಕ್ಷ ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ತೂಕ ಎಷ್ಟು ಎಂದಷ್ಟೇ ಕೇಳಿದರೆ ಸಾಲದು, ಎಲ್ಲಿದೆ ಎಂದೂ ಕೇಳಬೇಕು. 1967ರಲ್ಲಿ ಅದೇ ಮೈಯೊಳಗೆ ಮೂರು ಲೀಟರಿಗೆ ಹತ್ತಿರದ, ಆರು ಸಿಲಿಂಡರಿನ ಬೀಡುಕಬ್ಬಿಣದ ಎಂಜಿನ್ ಇಟ್ಟು ಎಂಜಿಸಿ ಮಾಡಿದರು. ಶಕ್ತಿ ಏರಿತು, ಮೂತಿಯೂ ಭಾರವಾಯಿತು. ಹ್ಯಾಂಡಲ್ಲಿಗೆ ಅಕ್ಕಿಮೂಟೆ ಕಟ್ಟಿದ ಸೈಕಲ್ಲಿನಂತೆ ತಿರುವಿನಲ್ಲಿ ಮೊಂಡು ಹಿಡಿಯುತ್ತದೆ ಎಂದು ಪತ್ರಿಕೆಗಳು ಆಗಲೇ ದೂರಿದವು, 1969ಕ್ಕೆ ಅದರ ಕತೆ ಮುಗಿಯಿತು. 1973ರಲ್ಲಿ ಅದೇ ಮೈಗೆ ರೋವರ್‌ನ ಮೂರೂವರೆ ಲೀಟರ್ ವಿ8 ಕೂರಿಸಿದರು. ಅಲ್ಯುಮಿನಿಯಂ ಎಂಜಿನ್ ಆದ್ದರಿಂದ ಎಂಟು ಸಿಲಿಂಡರಿದ್ದೂ ಮೂತಿಯ ಮೇಲೆ ಹೊರೆ ಬೀಳಲಿಲ್ಲ, ಓಡಿಸಲು ಸೊಗಸಾದ ಕಾರಾಯಿತು. ಇದರ ನಂತರ ಅಮೆರಿಕದ ಕಾನೂನಿಗೆ ಹೊಂದಲೆಂದು 1974ರ ಕೊನೆಯಲ್ಲಿ ಎಂಜಿಬಿಗೆ ಕಪ್ಪು ರಬ್ಬರಿನ ದೊಡ್ಡ ಬಂಪರ್ ತೊಡಿಸಿ, ಮೈಯನ್ನೇ ನೆಲದಿಂದ ಮೇಲಕ್ಕೆತ್ತಿದರು. ಆ ಕಾಲದ ಎಂಜಿಬಿಯನ್ನು ತಿರುವಿನಲ್ಲಿ ಓಡಿಸಿ ನೋಡಿದರೆ ಎತ್ತಿದ್ದು ಗೊತ್ತಾಗುತ್ತದೆ. ಮೇಷ್ಟ್ರು ಕೂಡ ಅದನ್ನು ಸಮರ್ಥಿಸುವುದಿಲ್ಲ.

ನರ್ಸ್ ಹುಡುಗಿ ಬಂದಮೇಲೆ ಜಗಳದ ಸ್ವರೂಪವೇ ಬದಲಾಯಿತು. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮುಖ ತೋರಿಸಿದ ಎಂಎಕ್ಸ್-5 ನೋಡಲು ಎಲಾನ್‌ನ ತಮ್ಮನಂತೆಯೇ ಇದೆ. 1600 ಸಿಸಿ, 115ರ ಆಸುಪಾಸಿನ ಅಶ್ವಶಕ್ತಿ, ನಾಲ್ಕು ಚಕ್ರಕ್ಕೂ ವಿಶ್‌ಬೋನ್ ಸಸ್ಪೆನ್ಷನ್, ತೂಕ ಒಂದು ಟನ್ನಿಗಿಂತ ಕಡಿಮೆ. ಮಳೆಯಲ್ಲೂ ಸ್ಟಾರ್ಟ್ ಆಗುತ್ತದೆ. ಟಾಪು ಕೂತಲ್ಲಿಂದಲೇ ಒಂದು ಕೈಯಲ್ಲಿ ಮುಚ್ಚಬಹುದು. ನನ್ನ ಕಾರಿನ ಟಾಪು ಹಾಕಬೇಕೆಂದರೆ ಕಂಬಿ ಜೋಡಿಸಿ, ಬಟ್ಟೆ ಎಳೆದು, ಗುಂಡಿ ಒತ್ತುವ ಹೊತ್ತಿಗೆ ಮಳೆಯೇ ನಿಂತಿರುತ್ತದೆ. 2016ಕ್ಕೆ ಮಾಜ್ದಾದವರು ಹತ್ತು ಲಕ್ಷ ಎಂಎಕ್ಸ್-5 ಮಾಡಿ ಮುಗಿಸಿದ್ದರು, ಇಬ್ಬರು ಕೂರುವ ಸ್ಪೋರ್ಟ್ಸ್ ಕಾರುಗಳಲ್ಲಿ ಅದು ದಾಖಲೆ.

ಹಿರಿಯರಿಗೆ ಇದು ಹಿಡಿಸಲಿಲ್ಲ. ಎಣ್ಣೆ ಸೋರದ ಕಾರಿಗೆ ಜೀವ ಇರುವುದಿಲ್ಲ ಎಂದು ಒಬ್ಬರೆಂದರೆ, ರಿಪೇರಿಯೇ ಗೊತ್ತಿಲ್ಲದವರು ಕಾರು ಇಟ್ಟುಕೊಂಡರೆ ಏನು ಬಂತು ಎಂದು ಇನ್ನೊಬ್ಬರು. ಇಂಥ ಮಾತಿಗೆ ನಾನು ತಲೆಯಾಡಿಸುವುದಿಲ್ಲ. 1962ರಲ್ಲಿ ಸ್ಪಿಟ್‌ಫೈರ್ ಕೊಂಡ ಹುಡುಗ ಎಣ್ಣೆ ಸೋರಲಿ ಎಂದು ಹರಕೆ ಹೊತ್ತಿರಲಿಲ್ಲ. ಸೋರದ ಕಾರು ಸಿಕ್ಕಿದ್ದರೆ ಅದನ್ನೇ ಕೊಳ್ಳುತ್ತಿದ್ದ. ಸ್ಪಿಟ್‌ಫೈರ್, ಎಂಜಿಬಿ ಎರಡೂ 1980ರಲ್ಲೇ ನಿಂತವು, ಒಂಬತ್ತು ವರ್ಷ ಕಳೆದು ಜಪಾನಿನವರು ಅದೇ ಅಡುಗೆಯನ್ನು ಹದವಾಗಿ ಮಾಡಿ ಬಡಿಸಿದರು. ಅದು ಬ್ರಿಟಿಷರಿಗೆ ಅವಮಾನವೇನೂ ಅಲ್ಲ, ಆದರೆ ತಮ್ಮ ದೋಷವನ್ನೇ ಗುಣ ಎಂದು ಹೇಳಿಕೊಂಡರೆ ಅವಮಾನವೇ. ನರ್ಸ್ ಹುಡುಗಿ ರಾತ್ರಿ ಪಾಳಿ ಮುಗಿಸಿ ಅದೇ ಕಾರಿನಲ್ಲಿ ಮನೆಗೆ ಹೋಗುತ್ತಾಳೆ. ನಮ್ಮಲ್ಲಿ ಉಳಿದ ಯಾರಿಗೂ ತಮ್ಮ ಕಾರಿನ ಮೇಲೆ ಅಷ್ಟು ಭರವಸೆಯಿಲ್ಲ.

ಇಷ್ಟು ಕೇಳಿ, ಓಡಿಸಿ ನನಗೆ ಗಟ್ಟಿಯಾದ ಅಭಿಪ್ರಾಯ ಒಂದಿದೆ. ಇಲ್ಲಿನ ಎರಡು ದಿಕ್ಕಿನ ಹಳ್ಳಿರಸ್ತೆಯಲ್ಲಿ ವೇಗಮಿತಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್. ಈಗಿನ ಮುನ್ನೂರು ಕುದುರೆಯ ಕಾರಿಗೆ ಆ ವೇಗದಲ್ಲಿ ನಿದ್ದೆ ಬರುತ್ತದೆ. ಅದರ ಗಮ್ಮತ್ತು ಶುರುವಾಗುವುದು ಲೈಸೆನ್ಸ್ ಹೋಗುವ ವೇಗದಲ್ಲಿ. ಏಳುನೂರು ಕೆಜಿಯ ಕಾರು ತೆಳು ಟೈರಿನ ಮೇಲೆ 50 ಮೈಲಿಗೇ ತನ್ನದೆಲ್ಲವನ್ನೂ ತೋರಿಸುತ್ತದೆ, ಜಾರುವುದಾದರೂ ಮೊದಲೇ ಹೇಳಿ ಜಾರುತ್ತದೆ. ಅದಕ್ಕೇ ಹಗುರ ಕಾರಿಗೆ ಅಗಲದ ಟೈರು ಹಾಕಿಸುವವರನ್ನು ಕಂಡರೆ ನನಗೆ ಸಂಕಟ. ನಮ್ಮಲ್ಲೊಬ್ಬ ಎಂಜಿ ಮಿಜೆಟ್‌ಗೆ ಹಾಗೆ ಮಾಡಿಸಿದ. ಹಿಡಿತ ಹೆಚ್ಚಿತು, ಸ್ಟೀರಿಂಗು ಕಲ್ಲಾಯಿತು, ಹಿಡಿತ ಬಿಟ್ಟಾಗ ಒಮ್ಮೆಲೇ ಬಿಡತೊಡಗಿತು. ಒಂದು ಚಳಿಗಾಲ ಕಳೆದು ಹಳೇ ಟೈರಿಗೇ ಮರಳಿದ.

ಬ್ರಿಟನ್ನಿಗೆ ಹೊಸದಾಗಿ ಬಂದ ನಮ್ಮ ಹುಡುಗರು, ಹುಡುಗಿಯರು "ಅಂಕಲ್, ಯಾವುದು ತಗೊಳ್ಳಲಿ?" ಎಂದು ಕೇಳುತ್ತಾರೆ. ಎಂಜಿನ್ ನೋಡಿ ಮರುಳಾಗಬೇಡಿ, ಎಂಜಿನ್ ರಿಪೇರಿಗೆ ಒಂದು ಲೆಕ್ಕವಿದೆ, ತುಕ್ಕಿಗೆ ಲೆಕ್ಕವಿಲ್ಲ. ಬಾಗಿಲ ಕೆಳಗಿನ ಸಿಲ್ಲನ್ನು ಬೆರಳಿನಿಂದ ತಟ್ಟಿ ನೋಡಿ, ಎಂಜಿಬಿಯ ಮೈಗೆ ಗಟ್ಟಿತನ ಅಲ್ಲಿಂದಲೇ. ನಲವತ್ತು ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆಯಿಲ್ಲ, ಹೆಚ್ಚು ಬದಲಾವಣೆ ಮಾಡಿಸಿರದಿದ್ದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ವರ್ಷಾವರ್ಷದ ಎಂಒಟಿ ಪರೀಕ್ಷೆಯೂ 2018ರಿಂದ ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೂ ಮಾಡಿಸಿ, ನಾನು ಮಾಡಿಸುತ್ತೇನೆ. 2021ರಿಂದ ಬಂಕಿನಲ್ಲಿ ಮಾಮೂಲಿಯಾಗಿ ಸಿಗುವ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ, ಅದು ಹಳೆಯ ರಬ್ಬರ್ ಪೈಪನ್ನು ತಿನ್ನುತ್ತದೆ. ಪೈಪು ಬದಲಿಸದೆ ಗಾಡಿ ಹೊರಗೆ ತೆಗೆಯಬೇಡಿ.

ಇಟ್ಟುಕೊಳ್ಳಲು ಒಂದೇ ಕಾರು ಎಂದಾದರೆ ಮೊದಲ ತಲೆಮಾರಿನ ಎಂಎಕ್ಸ್-5 ಕೊಳ್ಳಿ, ಹಿಂದಿನ ಚಕ್ರದ ಮುಂದಿರುವ ಸಿಲ್ ಕೊಳೆತಿಲ್ಲವೆಂದು ಖಾತ್ರಿ ಮಾಡಿಕೊಂಡು. ರಿಪೇರಿ ಕಲಿಯುವ ಆಸೆಯಿದ್ದರೆ ಎಂಜಿಬಿ ಅಥವಾ ಸ್ಪಿಟ್‌ಫೈರ್. ಎಲಾನ್ ಈಗ ನನ್ನ, ನಿಮ್ಮ ಕೈಗೆ ಎಟುಕುವ ಬೆಲೆಯಲ್ಲಿಲ್ಲ. ಆದರೆ ಯಾರಾದರೂ ಪುಣ್ಯಾತ್ಮರು ಅದರ ಕೀ ಕೊಟ್ಟು ಒಂದು ಸುತ್ತು ಹೋಗಿ ಬಾ ಅಂದರೆ, ಸಂಕೋಚದಿಂದ ಬೇಡ ಅನ್ನಬೇಡಿ.