ಹೊರಡುವ ಮುನ್ನ ಹಿಂದಿನ ಬಾಗಿಲು ನೋಡಿ

ಮನೆಮಂದಿಯೆಲ್ಲ ಇನ್ನೋವಾ ಹತ್ತಿ ಧರ್ಮಸ್ಥಳಕ್ಕೆ ಹೊರಟಿದ್ದೀರಾ? ಮೊದಲು ಹಿಂದಿನ ಬಾಗಿಲು ತೆಗೆದು ಅದರ ಅಂಚು ನೋಡಿ. ಬೀಗದ ಹತ್ತಿರ ಪುಟ್ಟದೊಂದು ಲಿವರ್ ಇದೆ, ಅದೇ ಚೈಲ್ಡ್ ಲಾಕ್. ಹಾಕಿದರೆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಎರಡೂ ಬದಿಗೆ ಬೇರೆ ಬೇರೆಯಾಗಿ ಹಾಕಬೇಕು. ಒಂದನ್ನು ಮರೆಯುವುದು ಸುಲಭ. ಕಿಟಕಿ ಲಾಕ್ ಚಾಲಕನ ಬಾಗಿಲಲ್ಲೇ ಸಿಗುತ್ತದೆ.

ಮೂರನೇ ಸಾಲಿಗೆ ಹತ್ತಲು ಮಡಚಿದ ಸೀಟನ್ನು ಇಳಿಸಿದ ಮೇಲೆ ಒಮ್ಮೆ ಜಗ್ಗಿ ನೋಡಿ. ಕಟ್ ಎಂದು ಕೂರದಿದ್ದರೆ ಬ್ರೇಕ್ ಹೊಡೆದಾಗ ಮುಂದಕ್ಕೆ ಮಗುಚೀತು. ಹಿಂದೆ ಕೂತ ಅಜ್ಜಿಗೂ ಬೆಲ್ಟ್ ಬೇಕು (ಗೊಣಗಲಿ ಬಿಡಿ!); 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ದಂಡ 1000 ರೂಪಾಯಿ. ಹಿಂದಕ್ಕೆ ಮುಖಮಾಡಿದ ಕೂಸಿನ ಸೀಟನ್ನು ಮಾತ್ರ, ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿಗೆ ಕಟ್ಟಲೇಬೇಡಿ.