ಶೆಡ್ಡಿನಲ್ಲಿ ಓಡುವ ಕಾರು ದಾರಿಯಲ್ಲಿ ಏಕೆ ನಿಲ್ಲುತ್ತದೆ?

ಪ್ರಶ್ನೆ: ಅಜ್ಜನ ಕಾಲದ ಪೆಟ್ರೋಲ್ ಕಾರೊಂದು ನಮ್ಮ ಮನೆಯಲ್ಲಿದೆ. ಶೆಡ್ಡಿನಲ್ಲಿ ಚಾಲೂ ಮಾಡಿದರೆ ಅರ್ಧ ತಾಸಾದರೂ ತಕರಾರಿಲ್ಲ. ಶಿಗ್ಗಾವಿ ಕಡೆ ಹೊರಟರೆ ಮಾತ್ರ ನಡುದಾರಿಯಲ್ಲಿ ಕೈಕೊಡುತ್ತದೆ. ಮೊಟ್ಟಮೊದಲ ಮೋಟಾರು ಕಾರುಗಳ ಕಥೆಯೂ ಹೀಗೇ ಇತ್ತೇ?
– ಓದುಗರೊಬ್ಬರು, ಹಾನಗಲ್

ಉತ್ತರ: ಹೀಗೇ ಇತ್ತು. ಜರ್ಮನಿಯ ಕಾರ್ಲ್ ಬೆಂಝ್ ತಮ್ಮ ಮೂರು ಗಾಲಿಯ ಕಾರಿಗೆ ಪೇಟೆಂಟ್ ಕೋರಿದ್ದು 1886ರ ಜನವರಿಯಲ್ಲಿ. ಆಮೇಲೂ ಅದು ಮನ್‌ಹೈಮ್ ಊರಿನ ಆಸುಪಾಸು ಬಿಟ್ಟು ದೂರ ಹೋಗಿರಲಿಲ್ಲ. 1888ರ ಆಗಸ್ಟಿನಲ್ಲಿ ಅವರ ಪತ್ನಿ ಬರ್ಥಾ, ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳೊಂದಿಗೆ ಅಂಥದೇ ಕಾರಿನಲ್ಲಿ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ಟರು. ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದಾರಿ. ಹಿರೇಕೆರೂರು ಬಿಟ್ಟು ಹಾನಗಲ್, ಶಿಗ್ಗಾವಿ ಹಾದು ಸವಣೂರು ಮುಟ್ಟಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಒಂದೊಂದೇ ದೋಷ ದಾರಿಯುದ್ದಕ್ಕೂ ಹೊರಬಿತ್ತು. ಮೊದಲನೆಯದು ನೀರು. ಆ ಕಾರಿಗೆ ಇಂದಿನಂಥ ರೇಡಿಯೇಟರ್ ಇರಲಿಲ್ಲ. ಎಂಜಿನ್ ತಣಿಸುವ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು; ಬಾವಿ, ಹಳ್ಳ ಸಿಕ್ಕಲ್ಲೆಲ್ಲ ತುಂಬಿಸಬೇಕಿತ್ತು. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಕವನ್ನು ಕೊಂಡರು. ಇಂಧನದ ನಳಿಗೆಯಲ್ಲಿ ಕಸ ಕಟ್ಟಿತು. ಬರ್ಥಾ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದರು. ಕಿಡಿ ಕೊಡುವ ತಂತಿಯ ಹೊದಿಕೆ ಉಜ್ಜಿ ಸವೆದಿತ್ತು. ಕಾಲುಚೀಲದ ಪಟ್ಟಿಯನ್ನೇ ಸುತ್ತಿದರು. ಸಡಿಲಾದ ಚೈನನ್ನು ಕಂಬಾರರೊಬ್ಬರು ಸರಿಪಡಿಸಿಕೊಟ್ಟರು. ಇಳಿಜಾರಿನಲ್ಲಿ ಬ್ರೇಕಿನ ಮರದ ಗುಟ್ಟಗಳು ಸವೆದಾಗ ಬೂಟು ಹೊಲಿಯುವವರಿಂದ ಅವಕ್ಕೆ ಚರ್ಮ ಹೊಡೆಸಿದರು. ಬ್ರೇಕ್ ಲೈನರಿನ ಮೂಲ ಅದೇ. ಏರಿನಲ್ಲಿ ಎಂಜಿನ್ನಿನ ಶಕ್ತಿ ಸಾಲದೆ ಇಳಿದು ತಳ್ಳಬೇಕಾಯಿತು. ಆ ಅನುಭವದಿಂದ ಬೆಂಝ್ ಏರು ಹತ್ತಲೆಂದೇ ಇನ್ನೊಂದು ಗೇರ್ ಸೇರಿಸಿದರು.

ಈ ದೋಷಗಳು ಶೆಡ್ಡಿನಲ್ಲಿ ಏಕೆ ಕಾಣಲಿಲ್ಲ? ನಿಂತಲ್ಲಿ ಓಡುವ ಎಂಜಿನ್ ತನ್ನನ್ನು ತಾನು ತಿರುಗಿಸಿಕೊಂಡರೆ ಸಾಕು. ರಸ್ತೆಗಿಳಿದರೆ ಗಾಡಿಯ, ಜನರ, ಏರಿನ ಹೊರೆಯೆಲ್ಲ ಅದರ ಮೇಲೆ ಬೀಳುತ್ತದೆ. ಹೊರೆ ಹೆಚ್ಚಿದಂತೆ ಕಾವೂ ಹೆಚ್ಚುತ್ತದೆ. ಕುಲುಕಾಟಕ್ಕೆ ಟ್ಯಾಂಕಿನ ತಳದ ಕೆಸರು ಎದ್ದು ನಳಿಗೆಗೆ ಬರುತ್ತದೆ, ತಂತಿ ತಗಡಿಗೆ ಉಜ್ಜುತ್ತದೆ. ಬ್ರೇಕಿಗಂತೂ ಶೆಡ್ಡಿನಲ್ಲಿ ಕೆಲಸವೇ ಇಲ್ಲ. ಕೆಲವು ದೋಷಗಳಿಗೆ ರಸ್ತೆಯ ಓರೆಯೇ ಬೇಕು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಟ್ಯಾಂಕು ಸೀಟಿನ ಕೆಳಗಿತ್ತು, ಪಂಪು ಇರಲಿಲ್ಲ. ಪೆಟ್ರೋಲು ಇಳಿಜಾರಿಗೆ ತಾನಾಗಿ ಹರಿದು ಕಾರ್ಬೊರೇಟರ್ ಸೇರಬೇಕು. ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆಯಿದ್ದಾಗ ಕಡಿದಾದ ಏರು ಬಂದರೆ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಹರಿವು ನಿಲ್ಲುತ್ತಿತ್ತು. ಆಗ ಚಾಲಕರು ಕಾರು ತಿರುಗಿಸಿ ರಿವರ್ಸಿನಲ್ಲಿ ಏರು ಹತ್ತುತ್ತಿದ್ದರು.

ಇನ್ನು ನಿಮ್ಮ ಕಾರು. ಬೇಸಿಗೆಯ ಮಧ್ಯಾಹ್ನ ನಿಂತು, ತಣ್ಣಗಾದ ಮೇಲೆ ತಾನೇ ಚಾಲೂ ಆಗುವುದಾದರೆ ಪೆಟ್ರೋಲು ಪಂಪಿನಲ್ಲೇ ಆವಿಯಾಗುತ್ತಿರಬಹುದು. ಹಳೆಯ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕೇ. ಮಳೆಗಾಲದಲ್ಲಿ ಮಾತ್ರ ಸತಾಯಿಸಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ತೇವವಿದೆಯೇ ನೋಡಿ. ತಗ್ಗು ಹಾರಿದ ಮೇಲೆ ಮುಗ್ಗರಿಸಿದರೆ ಟ್ಯಾಂಕು ತೊಳೆಸಿ, ಫಿಲ್ಟರ್ ಬದಲಿಸಿ, ತಂತಿಗಳ ಜೋಡಣೆ ಬಿಗಿ ಮಾಡಿಸಿ. ಕುದಿಯುತ್ತಿದ್ದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು. ಬಿಸಿಯಿರುವಾಗ ಮುಚ್ಚಳ ಮಾತ್ರ ತೆರೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಮಿಸ್ತ್ರಿಯನ್ನು ಶೆಡ್ಡಿಗೆ ಕರೆಸುವುದರ ಬದಲು ಕಾರಿನಲ್ಲೇ ಕೂರಿಸಿಕೊಂಡು ಹೋಗಿ. ಅದಾಗದಿದ್ದರೆ ಕಾರು ನಿಂತದ್ದು ಏರಿನಲ್ಲೋ ಸಪಾಟಿನಲ್ಲೋ, ಎಷ್ಟು ದೂರ ಹೋದ ಮೇಲೆ, ಬಿಸಿಲಿತ್ತೋ ಮಳೆಯಿತ್ತೋ ಎಂದು ಬರೆದಿಡಿ. ಆ ಚೀಟಿ ಕೈಯಲ್ಲಿದ್ದರೆ ಮಿಸ್ತ್ರಿ ಇಡೀ ಎಂಜಿನ್ ಬಿಚ್ಚುವ ಪ್ರಸಂಗ ಬರಲಾರದು.